ಅಳುಹಾಡಿನ ಉಮ್ಸುನ್ ಮತ್ತು ಅವಳ ಎದೆ ಹಿಡಿದ ಕೈ

ಉಮ್ಸುನ್ ಹುಟ್ಟಿದ್ದು 1957ನೆಯ ಇಸವಿಯ ಮಾರ್ಚ್ 9, ಶನಿವಾರದಂದು. ಸರಕಾರಿ ಕಾಗದಗಳಲ್ಲಿ ಏಪ್ರಿಲ್ 9 ಎಂದಿರುವುದು ತಪ್ಪು. ಆ ವರ್ಷ ಕಣಿವೆಯ ಹಿಮ ಕರಗದೆ, ಅವಳ ತಂದೆ ಹೆರಿಗೆಯ ಸುದ್ದಿಯನ್ನು ಕಚೇರಿಗೆ ಮುಟ್ಟಿಸುವಷ್ಟರಲ್ಲಿ ತಿಂಗಳು ತುಂಬಿತ್ತು. 1976ರ ಅಕ್ಟೋಬರಿನಲ್ಲಿ ಅವಳು ನರಿನ್ ಸೀಮೆಯ ಕಾರಾ-ಬುಲುಂಗ್ ಹಳ್ಳಿಗೆ ಮುಕಾಶನ ಹೆಂಡತಿಯಾಗಿ ಬಂದಳು. ಸಾಮೂಹಿಕ ಹೊಲದ ಕೊಟ್ಟಿಗೆಯಲ್ಲಿ ಹಾಲು ಕರೆದಳು. ಮೂರು ಮಕ್ಕಳನ್ನು ಹೆತ್ತು ಒಂದನ್ನು ಮಣ್ಣಿಗೆ ಕೊಟ್ಟಳು. 2009ರಲ್ಲಿ ಗಂಡನನ್ನೂ ಕಳುಹಿಸಿದಳು. ಇಷ್ಟೇ ಆಗಿದ್ದರೆ ಅವಳ ಬಾಳು ಆ ಕಣಿವೆಯ ಉಳಿದ ಹೆಂಗಸರ ಬಾಳಿಗಿಂತ ಬೇರೆಯೆನಿಸುತ್ತಿರಲಿಲ್ಲ.

ಬೇರೆಯಾದದ್ದು 1983ರ ಫೆಬ್ರವರಿಯಲ್ಲಿ, ಅತ್ತೆ ತೀರಿಕೊಂಡ ದಿನ. ಹಳ್ಳಿಯಲ್ಲಿ ಸತ್ತವರಿಗೆ ಅಳುಹಾಡು ಕಟ್ಟುತ್ತಿದ್ದ ಮುದುಕಿಗೆ ಆ ಚಳಿಗಾಲ ದನಿಯೇ ಹೊರಡುತ್ತಿರಲಿಲ್ಲ. ಅಂಗಳದಲ್ಲಿ ಉಣ್ಣೆಗುಡಾರ ಎದ್ದಿತ್ತು. ತೆರೆಯ ಹಿಂದೆ ದೇಹವಿತ್ತು. ಹೆಂಗಸರು ಬಾಗಿಲಿಗೆ ಬೆನ್ನು ಮಾಡಿ, ಸೊಂಟಕ್ಕೆ ಕೈಕೊಟ್ಟು, ಗುಡಾರದ ಗೋಡೆಗೆ ಮುಖವಿಟ್ಟು ಕುಳಿತಿದ್ದರು. ಯಾರೂ ಆರಂಭಿಸಲಿಲ್ಲ. ಆಗ ಕಿರಿಯ ಸೊಸೆ ಉಮ್ಸುನಳ ಬಾಯಿ ತಾನಾಗಿಯೇ ತೆರೆಯಿತು. ಅಂದಿನಿಂದ ಆ ಸೀಮೆಯಲ್ಲಿ ಯಾರು ಕಣ್ಣು ಮುಚ್ಚಿದರೂ ಉಮ್ಸುನಳನ್ನು ಕರೆಯಲು ಕುದುರೆಯೋ, ಆಮೇಲಾಮೇಲೆ ಕಾರೋ ಬರುವುದು ರೂಢಿಯಾಯಿತು.

ಅವಳ ಅಳುಹಾಡಿನಲ್ಲಿ ಒಂದು ವಿಶೇಷವಿತ್ತು. ಉಳಿದವರು ಬದುಕಿರುವವರು ಕೇಳಲೆಂದು ಹಾಡುತ್ತಿದ್ದರು. ಉಮ್ಸುನ್ ತೆರೆಯ ಹಿಂದೆ ಮಲಗಿದವರಿಗಾಗಿ ಹಾಡುತ್ತಿದ್ದಳು. ಅವರು ಆಲಿಸುತ್ತಾರೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಗೋಡೆಯ ಕಡೆಗೆ ಮುಖವಿದ್ದರೂ ತನ್ನ ಬೆನ್ನ ಮೇಲೆ ಯಾರದೋ ಗಮನ ಊರಿ ನಿಂತಿರುವುದು ಅವಳಿಗೆ ತಿಳಿಯುತ್ತಿತ್ತು. ಅದು ತಿಳಿದ ಮೇಲೆಯೇ ಪದಗಳು ಒಂದರ ಹಿಂದೊಂದು ಬರುತ್ತಿದ್ದವು.

2018ನೆಯ ಇಸವಿಯ ಸೆಪ್ಟೆಂಬರ್ 22ರಂದು ಅವಳ ಗಂಡನ ಅಣ್ಣ ಸೊಲ್ತೊನ್‌ಕುಲ್ ಮರಣಹೊಂದಿದ. ಗಂಡನ ಅಣ್ಣನ ಹೆಸರನ್ನು ಆ ಮನೆಯ ಸೊಸೆಯಾದವಳು ಜೀವವಿರುವ ತನಕ ನಾಲಿಗೆಗೆ ತರುವಂತಿಲ್ಲ. ನಲವತ್ತೆರಡು ವರ್ಷ ಉಮ್ಸುನ್ ಅವನನ್ನು 'ದೊಡ್ಡ ಮನೆಯವರು' ಎಂದೇ ಕರೆದಿದ್ದಳು. ಅಂದು ಮಧ್ಯಾಹ್ನ, ಗುಡಾರದಲ್ಲಿ, ಹಾಡು ಏರುತ್ತ ಏರುತ್ತ ತನ್ನನ್ನೇ ಮರೆತಾಗ, ಆ ಹೆಸರು ಅವಳ ಬಾಯಿಂದ ಪೂರ್ತಿಯಾಗಿ, ಸ್ಪಷ್ಟವಾಗಿ ಹೊರಬಿದ್ದಿತು.

ಅದೇ ಕ್ಷಣದಲ್ಲಿ ಯಾರೋ ಅವಳ ಎದೆಯೊಳಗೆ ಕೈ ಹಾಕಿ ಹಿಡಿದರು.

ಇರಿತವಲ್ಲ, ಉರಿಯಲ್ಲ, ಹಿಡಿತ. ಎದೆಯ ಮೂಳೆಯ ಹಿಂದಿನಿಂದ ಅದು ಎಡ ತೋಳಿಗೆ ಇಳಿಯಿತು, ದವಡೆಗೆ ಏರಿತು. ದನಿ ನಿಂತಿತು. ಹೆಂಗಸರು ಅವಳನ್ನು ಹಿಡಿದುಕೊಂಡು ಹೊರಗೆ ತಂದು ಕೂರಿಸಿದರು. ಚಹಾ ಬರುವ ಹೊತ್ತಿಗೆ ಆ ಕೈ ತಾನಾಗಿ ಸಡಿಲಿಸಿ, ಬಂದ ದಾರಿಯಲ್ಲೇ ಹೊರಟುಹೋಗಿತ್ತು.

ವಿಧವೆ ಕಾಲಿಪಾ, ಎಂದರೆ ಉಮ್ಸುನಳ ಹಿರಿಯ ಓರಗಿತ್ತಿ, ಕಪ್ಪು ವಸ್ತ್ರದ ಅಂಚಿನಿಂದ ಅವಳನ್ನೇ ದಿಟ್ಟಿಸಿ ನೋಡಿದಳು. "ಹೆಸರು ಹಿಡಿದು ಕೂಗ್ದೆ. ಅವರು ತಿರುಗಿ ನೋಡ್ದೇ ಇರ್ತಾರಾ?"

ಆಮೇಲೆ ಅದು ಬಿಡಲಿಲ್ಲ. ನಲವತ್ತನೆಯ ದಿನದ ಹಾಡಿನಲ್ಲಿ ಹಿಡಿಯಿತು. ಪಕ್ಕದ ಹಳ್ಳಿಯ ಸಾವಿನ ಮನೆಯಲ್ಲಿ ಹಿಡಿಯಿತು. ಹಾಡು ನಿಲ್ಲಿಸಿದರೆ ಬಿಡುತ್ತಿತ್ತು. ಉಮ್ಸುನಳ ಕಿರಿಯ ಸೊಸೆ ಗುಲ್ಬಾರಾ, ಶಾಲೆಯಲ್ಲಿ ಅಡುಗೆ ನೋಡಿಕೊಳ್ಳುವವಳು, ನಾಲಿಗೆ ಸ್ವಲ್ಪ ಹರಿತ. ಅವಳು ನವೆಂಬರ್ 6ರಂದು ಅತ್ತೆಯನ್ನು ಬಲವಂತವಾಗಿ ನರಿನ್ ಪಟ್ಟಣಕ್ಕೆ ಕರೆದೊಯ್ದಳು. ಅಲ್ಲಿ ಮಲಗಿಸಿ, ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಗೆರೆಗಳು ಪಠ್ಯಪುಸ್ತಕದಲ್ಲಿ ಬರೆದಷ್ಟು ಅಚ್ಚುಕಟ್ಟಾಗಿದ್ದವು. ಹೃದಯದಲ್ಲಿ ದೋಷವಿಲ್ಲವೆಂದು ಹೇಳಿ ಕಳುಹಿಸಿದರು.

"ನೋಡಿದ್ಯಾ?" ಎಂದಳು ಉಮ್ಸುನ್ ಬಸ್ಸಿನಲ್ಲಿ. ಅವಳ ದನಿಯಲ್ಲಿ ನೆಮ್ಮದಿಯಿರಲಿಲ್ಲ. "ಕಾಯಿಲೆ ಆಗಿದ್ರೆ ಯಂತ್ರದಲ್ಲಿ ಕಾಣ್ತಿತ್ತು. ಇದು ಕಾಯಿಲೆ ಅಲ್ಲ."

"ನಮ್ಮಪ್ಪಂಗೂ ಇಸಿಜಿ ಸರಿಯಾಗೇ ಇತ್ತು ಅಪಾ. ಆ ಸಂತೋಷಕ್ಕೆ ಕುದುರೆ ಹತ್ತಿದ್ರು, ಇಳೀಲೇ ಇಲ್ಲ," ಎಂದಳು ಗುಲ್ಬಾರಾ. ಹಿರಿಯ ಹೆಂಗಸರನ್ನು 'ಅಪಾ' ಎಂದು ಕರೆಯುವುದು ಅಲ್ಲಿನ ರೂಢಿ.

"ನಿಮ್ಮಪ್ಪ ಯಾರ ಹೆಸರೂ ಕೂಗಿರ್ಲಿಲ್ಲ. ಸುಮ್ನಿರು."

ಊರಿಗೆ ಬಂದವಳೇ ಅವಳು ನಾಡವೈದ್ಯನ ಬಳಿಗೆ ಹೋದಳು. ಅವನು ಅವಳ ಮಣಿಕಟ್ಟು ಹಿಡಿದು ಬಹಳ ಹೊತ್ತು ಕಣ್ಣುಮುಚ್ಚಿ ಕುಳಿತಿದ್ದು, ಕೊನೆಗೆ, ಹಿಡಿದಿರುವವರು ಹಾಡು ಅರ್ಧಕ್ಕೆ ನಿಂತದ್ದಕ್ಕೆ ಮುನಿದಿದ್ದಾರೆ ಎಂದನು. ವರ್ಷದ ಊಟದ ದಿನ ಅವರ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನ ಹಾಗೆ ಹಾಡಿ ಮುಗಿಸಬೇಕು. "ಹಿಡಿತ ಎಷ್ಟೇ ಬಿಗೀಲಿ ನಿಲ್ಲಿಸ್ಬೇಡ. ತಡ್ಕೊಂಡ್ಯೋ, ಬಿಡ್ತಾರೆ. ನಿಲ್ಲಿಸಿದ್ಯೋ, ಜನ್ಮಪೂರ್ತಿ ಬಿಡಲ್ಲ." ವರ್ಷದ ಊಟ 2019ರ ಸೆಪ್ಟೆಂಬರ್ 14ಕ್ಕೆ ಎಂದು ನಿಶ್ಚಯವಾಗಿತ್ತು. ಉಮ್ಸುನ್ ಆ ದಿನವನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡಳು.

ಆದರೆ ಅಷ್ಟು ದಿನ ಕಾಯುವುದಕ್ಕೆ ಅವಳಿಂದಾಗಲಿಲ್ಲ. ಏಪ್ರಿಲ್ 19, ಶುಕ್ರವಾರ, ಮಧ್ಯಾಹ್ನದ ಊಟ ಮುಗಿಸಿ, ಒಬ್ಬಳೇ ಸ್ಮಶಾನದ ದಿಬ್ಬ ಹತ್ತಲು ಹೊರಟಳು. ಗೋರಿಯೆದುರು ಕುಳಿತು ತಪ್ಪೊಪ್ಪಿಕೊಂಡರೆ ಆ ಮನುಷ್ಯ ಕರಗಬಹುದು ಎಂದು ಅವಳ ಎಣಿಕೆ. ಆ ದಿಬ್ಬದ ಮೇಲೆ ಮಣ್ಣಿನ ಗೋಡೆ, ಮಣ್ಣಿನ ಗುಮ್ಮಟಗಳ ಒಂದು ಊರೇ ಇದೆ. ಕೆಳಗಿನ ಊರಿಗಿಂತ ಅದರ ಮನೆಗಳೇ ಹೆಚ್ಚು. ಹಿಮದ ಮೇಲಿಂದ ಗಾಳಿ ನೇರವಾಗಿ ಮುಖಕ್ಕೆ ಬೀಸುತ್ತಿತ್ತು. ದಿಬ್ಬದ ಬುಡದಲ್ಲೇ ಆ ಕೈ ಅವಳನ್ನು ಮುಟ್ಟಿತು. ಅವಳು ನಿಂತಳು, ಕೈ ಸಡಿಲಾಯಿತು. ಮತ್ತೆ ಹೆಜ್ಜೆಯಿಟ್ಟಳು, ಕೈ ಬಿಗಿಯಿತು. ನಿಂತರೆ ಬಿಡುವುದು, ಹತ್ತಿದರೆ ಹಿಡಿಯುವುದು. ಬರಬೇಡ ಎಂದು ಇದಕ್ಕಿಂತ ಸ್ಪಷ್ಟವಾಗಿ ಬಾಯಿಲ್ಲದವರು ಹೇಗೆ ತಾನೆ ಹೇಳಿಯಾರು? ಈ ಸಲ ಅವಳು ಇನ್ನೂ ಒಂದು ಪದವನ್ನೂ ಹಾಡಿರಲಿಲ್ಲ. ಅವಳ ದನಿಯನ್ನಲ್ಲ, ಅವಳನ್ನೇ ಅವರು ಬೇಡವೆನ್ನುತ್ತಿದ್ದರು.

ಹಿಂದಿನಿಂದ ಓಡಿಬಂದ ಗುಲ್ಬಾರಾ ಅವಳನ್ನು ಕಂಡದ್ದು ಮೊದಲ ಗೋರಿಯ ಗೋಡೆಗೆ ಒರಗಿ, ಬೂದಿಯ ಬಣ್ಣಕ್ಕೆ ತಿರುಗಿ, ಬೆವರಿನಿಂದ ತೊಯ್ದು ಕುಳಿತಿದ್ದ ಸ್ಥಿತಿಯಲ್ಲಿ.

"ಬಿಷ್ಕೆಕ್‌ಗೆ ಹೋಗೋಣ. ಅಲ್ಲೂ ಏನಿಲ್ಲ ಅಂದ್ರೆ ಮತ್ತೆ ಬಾಯಿ ಬಿಡಲ್ಲ ನಾನು. ನಾಡವೈದ್ಯ ಹೇಳಿದ್ ಹಾಗೇ ಮಾಡಿ, ತಡೆಯಲ್ಲ."

"ನಿನ್ನ ಬಾಯಿ ಮುಚ್ಚುತ್ತೆ ಅಂದ್ರೆ ಮಾಸ್ಕೋಗಾದ್ರೂ ಬಂದೇನು," ಎಂದಳು ಉಮ್ಸುನ್, ಉಸಿರು ಬಂದ ಮೇಲೆ.

ಜೂನ್ 11, ಮಂಗಳವಾರ, ರಾಜಧಾನಿ ಬಿಷ್ಕೆಕ್‌ನ ಒಂದು ಆಸ್ಪತ್ರೆಯಲ್ಲಿ ಅವಳನ್ನು ಪರೀಕ್ಷಿಸಿದವನು ತಲಾಸ್ ಕಡೆಯ ಶಾಯಿರ್ಬೆಕ್ ಎಂಬ ಡಾಕ್ಟರು. ಉಮ್ಸುನಳ ಹಿರಿಯ ಮಗನ ವಯಸ್ಸು. ಮತ್ತೆ ಇಸಿಜಿ ಆಯಿತು: ನಿರ್ದೋಷ. ಎದೆಯ ಮೇಲೆ ಲೋಳೆ ಹಚ್ಚಿ, ಪರದೆಯ ಮೇಲೆ ಹೃದಯದ ಬಡಿತವನ್ನು ನೋಡುವ ಪರೀಕ್ಷೆಯಾಯಿತು: ಅದೂ ನಿರ್ದೋಷ. ಉಮ್ಸುನ್ ಸೊಸೆಯ ಕಡೆಗೆ ತಿರುಗಿ ಹುಬ್ಬೇರಿಸಿದಳು.

"ಹುಬ್ಬು ಇಳಿಸಿ ಅಪಾ," ಎಂದ ಶಾಯಿರ್ಬೆಕ್. "ನೀವು ಕುದುರೆ ಕೊಳ್ಳೋಕೆ ಹೋದ್ರೆ ಲಾಯದಲ್ಲಿ ನಿಂತಿರೋದನ್ನ ನೋಡಿ ಕೊಂಡ್ಕೊಳ್ತೀರಾ?"

"ಓಡಿಸಿ ನೋಡ್ತೀವಿ. ಕಟ್ಟಿದ ಕುದುರೆ ಕುಂಟೋ ಅಲ್ವೋ ಯಾರಿಗ್ಗೊತ್ತು?"

"ಇಷ್ಟೊತ್ತು ನಾವು ನೋಡಿದ್ದು ಕಟ್ಟಿದ ಕುದುರೇನ. ಹೃದಯಕ್ಕೆ ರಕ್ತ ತರೋ ನಾಳ ಮುಕ್ಕಾಲು ಮುಚ್ಚಿದ್ರೂ ಮಲಗಿರೋವಾಗ ಸಾಲುತ್ತೆ. ಕೆಲಸ ಕೊಟ್ಟಾಗ್ಲೇ ಸಾಲ್ದೇ ಬರೋದು. ಅದಕ್ಕೇ ಈಗ ಓಡಿಸ್ತೀನಿ."

ಚಕ್ರ ತಿರುಗಿದರೂ ಮುಂದಕ್ಕೆ ಹೋಗದ ಸೈಕಲ್ಲಿನ ಮೇಲೆ, ಎದೆಗೆ ತಂತಿಗಳೊಡನೆ, ಅವಳನ್ನು ಕೂರಿಸಿದರು. ಆದರೆ ಕೊಟ್ಟಿಗೆಯ ತೇವದಲ್ಲಿ ಸವೆದ ಮಂಡಿಗಳು ಹೃದಯಕ್ಕಿಂತ ಮೊದಲೇ ಸೋತವು. ಪರೀಕ್ಷೆ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಉಮ್ಸುನ್ ತಂತಿಗಳೊಡನೆಯೇ ಕುರ್ಚಿಯ ಮೇಲೆ ಕುಳಿತು ಮಂಡಿ ನೀವಿಕೊಳ್ಳತೊಡಗಿದಳು.

"ಔಷಧಿ ಕೊಟ್ಟು ಹೃದಯ ಓಡಿಸೋ ಪರೀಕ್ಷೆ ಇದೆ, ನಾಳೆ ಮಾಡ್ತೀನಿ," ಎಂದ ಡಾಕ್ಟರು. "ಅಂದ ಹಾಗೆ, ಎದೆ ಹಿಡಿಯೋದು ಯಾವಾಗ?"

"ಅಳುಹಾಡು ಹಾಡುವಾಗ."

"ಹಾಗಾದ್ರೆ ಈಗ ನಾಲ್ಕು ಸಾಲು ಹಾಡಿ, ತಂತಿ ಇನ್ನೂ ಇದೆಯಲ್ಲ."

"ತೋಬಾ, ತೋಬಾ!" ಎಂದು, ಕೆಡುಕು ತಾಗದಿರಲೆಂದು ಕಾಲರಿನಲ್ಲಿ ಉಗುಳಿಕೊಂಡವಳು ನರ್ಸು. "ಡಾಕ್ಟ್ರೇ, ನಿಮ್ಮಮ್ಮ ನಿಮಗೆ ಏನೂ ಕಲಿಸ್ಲಿಲ್ವಾ? ಸಾವಿಲ್ಲದ ಕಡೆ ಆ ಹಾಡು ಹಾಡಿದ್ರೆ ಸಾವನ್ನ ಕರೆದು ಕೂರಿಸಿದ ಹಾಗೆ!"

ಉಮ್ಸುನ್ ತಲೆದೂಗಿದಳು. "ಅವಳು ಹೇಳೋದು ಸರಿ. ಸುಮ್ಸುಮ್ನೆ ಹಾಡೋಕೆ ಬರಲ್ಲ ಮಗಾ. ಹೆಣ ಇರ್ಬೇಕು."

ಡಾಕ್ಟರು ತಗ್ಗಿದ ದನಿಯಲ್ಲಿ, "ಇದೆ," ಎಂದ. "ಬೆಳಗ್ಗೆ ಒಬ್ರು ಹೋದ್ರು. ಬತ್ಕೆನ್ ಕಡೆಯೋರು, ಕಟ್ಟಡದ ಕೆಲಸಕ್ಕೆ ಬಂದವರು. ಕೆಳಗಿನ ಕೋಣೇಲಿದ್ದಾರೆ. ಅಳೋಕೆ ಇನ್ನೂ ಯಾರೂ ಬಂದಿಲ್ಲ."

ಉಮ್ಸುನ್ ಮಂಡಿ ನೀವುವುದನ್ನು ಬಿಟ್ಟು ತಲೆಯೆತ್ತಿದಳು.

"ಯಾರೂ ಅತ್ತಿಲ್ವಾ?" ಎಂದಳು ಉಮ್ಸುನ್. "ಹೆಸರೇನು?"

"ಎರ್ಗೆಶ್."

ಅವಳು ಎದ್ದು ಕುರ್ಚಿಯನ್ನು ತಾನೇ ತಿರುಗಿಸಿ, ಬಾಗಿಲಿಗೆ ಬೆನ್ನು ಮಾಡಿ, ಸುಣ್ಣದ ಗೋಡೆಗೆ ಮುಖವಿಟ್ಟು, ಸೊಂಟಕ್ಕೆ ಕೈಕೊಟ್ಟು ಕುಳಿತಳು. ತಂತಿಗಳು ಅವಳ ಭುಜದ ಮೇಲಿಂದ ಹಿಂದಕ್ಕೆ ಎಳೆದುಕೊಂಡವು. ನರ್ಸು ಬಾಗಿಲ ಬಳಿಗೆ ಸರಿದು ನಿಂತಳು. ದನಿ ಮೊದಲು ನೆಲದಿಂದ ಬಂದಂತೆ ಬಂದಿತು.

"ಬಾಗಿಲಲ್ಲಿ ಕುದುರೆ ಕಟ್ಟಿಲ್ಲ, ಎರ್ಗೆಶ್,
ಬಂದವರ ಕೋಲು ಒರಗಿಲ್ಲ;
ನಿನಗೆ ತಂಗಿ ಇದ್ದಳೋ ಇಲ್ಲವೋ, ಎರ್ಗೆಶ್,
ತಂಗಿಯ ದನಿಗೆ ಈ ದನಿಯಿರಲಿ..."

ಹೊರಗಿನ ಓಣಿಯಲ್ಲಿ ಜನರ ಮಾತು ಅಡಗಿತು. ಯಾರೋ ನಡೆಯುತ್ತಿದ್ದವರು ನಿಂತರು. ಉಮ್ಸುನಳಿಗೆ ಬೆನ್ನ ಮೇಲೆ ಆ ಹಳೆಯ ಗಮನ ಬಂದು ಊರಿದ್ದು ತಿಳಿಯಿತು. ಎಲ್ಲೋ ಎರಡು ಅಂತಸ್ತು ಕೆಳಗೆ, ಬಟ್ಟೆ ಹೊದ್ದವನೊಬ್ಬ ಕಿವಿಗೊಟ್ಟಿದ್ದ. ಅವಳು ದನಿಯೇರಿಸಿದಳು. ಏರಿಸಿದ ಕೂಡಲೇ ಕೈ ಬಂದಿತು. ಅದೇ ಕೈ, ಅದೇ ಐದು ಬೆರಳು.

ಯಂತ್ರದಿಂದ ಬರುತ್ತಿದ್ದ ಕಾಗದದ ಮೇಲೆ ಗೆರೆಯ ಒಂದು ಭಾಗ ಮೆಲ್ಲಮೆಲ್ಲನೆ ತಗ್ಗಿತು, ಹಿಮದ ಮೇಲೆ ಕಾಲಿಟ್ಟಲ್ಲಿ ಕುಸಿದಂತೆ.

"ಸಾಕು ಅಪಾ. ಸಿಕ್ತು. ನಿಲ್ಲಿಸಿ."

ಅವಳು ನಿಲ್ಲಿಸಲಿಲ್ಲ. ಹಿಡಿತ ಎಷ್ಟೇ ಬಿಗಿಯಲಿ ನಿಲ್ಲಿಸಬೇಡ ಎಂದು ನಾಡವೈದ್ಯ ಹೇಳಿದ್ದನಲ್ಲ! ಸೆಪ್ಟೆಂಬರಿನ ತನಕ ಏಕೆ ಕಾಯಬೇಕು? ತುಟಿ ನೀಲಿಗೆ ತಿರುಗಿತು. ಪದಗಳು ಒಡೆಯುತ್ತಿದ್ದರೂ ಹೊರಡುತ್ತಲೇ ಇದ್ದವು. ಗೋಡೆಯ ಸುಣ್ಣದಲ್ಲಿ ಮುಖವೊಂದು ಮೂಡುವಂತೆ ಅವಳಿಗೆ ಕಂಡಿತು.

"ಅಪಾ, ನಿಲ್ಲಿಸಿ ಅಂದೆ!"

ಗುಲ್ಬಾರಾ ಹಾರಿ ಬಂದು ಅತ್ತೆಯ ಬಾಯನ್ನು ಅಂಗೈಯಿಂದ ಒತ್ತಿ ಮುಚ್ಚಿದಳು. ಆ ಸೀಮೆಯ ಯಾವ ಸೊಸೆಯೂ ಮಾಡಿರದ ಕೆಲಸವದು. ದನಿ ಅವಳ ಬೆರಳುಗಳ ನಡುವೆ ಇನ್ನೂ ಸ್ವಲ್ಪ ಹೊತ್ತು ಕಂಪಿಸಿ ಆರಿತು. ಡಾಕ್ಟರು ನಾಲಿಗೆಯ ಕೆಳಗೆ ಒಂದು ಸಣ್ಣ ಗುಳಿಗೆಯನ್ನು ಇಟ್ಟ. ಎದೆಯನ್ನು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು.

ಬಹಳ ಹೊತ್ತಿನ ಮೇಲೆ ಉಮ್ಸುನ್ ಕೇಳಿದಳು: "ಎರ್ಗೆಶ್‌ಗೆ ನನ್ನ ಮೇಲೆ ಏನು ಕೋಪ? ಅವನ ಹೆಸರು ಹೇಳ್ಬಾರ್ದು ಅಂತ ಯಾವ ಕಟ್ಟಳೆನೂ ಇಲ್ವಲ್ಲ."

"ಯಾರಿಗೂ ಕೋಪ ಇಲ್ಲ ಅಪಾ. ಹೃದಯಕ್ಕೆ ರಕ್ತ ಸಾಲ್ತಿಲ್ಲ. ಆದ್ರೆ ಈ ಕಾಗದ ಹೇಳೋದು ಸಾಲ್ತಿಲ್ಲ ಅಂತ ಮಾತ್ರ, ಎಲ್ಲಿ ಅಂತ ಅಲ್ಲ. ಎಲ್ಲಿ ಅಂತ ನೋಡೋಕೆ ಮಣಿಕಟ್ಟಿನಿಂದ ಒಂದು ಸಣ್ಣ ಕೊಳವೆ ಒಳಗೆ ಕಳಿಸಿ, ನಾಳಕ್ಕೆ ಬಣ್ಣ ಬಿಡಬೇಕು."

"ಮತ್ತೆ ನಾನು ಹೆಸರು ಕೂಗಿದ ಆ ದೊಡ್ಡ ಮನೆಯವರೇ ಇಲ್ಲಿವರೆಗೂ ಬಂದಿದ್ರೆ?"

ಶಾಯಿರ್ಬೆಕ್ ನಗಲಿಲ್ಲ. "ಬಂದಿದ್ರೆ ಅಲ್ಲೇ ಕಾಣ್ತಾರೆ. ನೀವೂ ನೋಡಿ."

ಅವಳು ಒಪ್ಪಿದ್ದು ಆ ಮಾತಿಗೆ. ಗುಣವಾಗಲೆಂದಲ್ಲ, ಕಾಣಲೆಂದು.

ಜೂನ್ 13, ಗುರುವಾರ ಬೆಳಗ್ಗೆ ಅವಳನ್ನು ತಣ್ಣನೆಯ ಕೋಣೆಯೊಂದರಲ್ಲಿ ಕಿರಿದಾದ ಮೇಜಿನ ಮೇಲೆ ಮಲಗಿಸಿದರು. ಎಲ್ಲರೂ ಸೀಸದ ಭಾರವಾದ ನಿಲುವಂಗಿ ತೊಟ್ಟಿದ್ದರು. ಮುಖವಸ್ತ್ರದ ಮೇಲೆ ಕಣ್ಣುಗಳು ಮಾತ್ರ. ಹೆಣ ತೊಳೆಯುವವರು ಹೀಗೆಯೇ ಸುತ್ತುವರಿದು ನಿಲ್ಲುತ್ತಾರೆಂದು ಅವಳಿಗೆ ನೆನಪಾಯಿತು. ಮಣಿಕಟ್ಟು ಮರಗಟ್ಟಿತು. ಆಮೇಲೆ ಏನೂ ತಿಳಿಯಲಿಲ್ಲ. ತೋಳಿನೊಳಗೆ ಏನೋ ಸಾಗುತ್ತಿದ್ದರೂ ಅದು ಇನ್ನೊಬ್ಬರ ತೋಳಿನಲ್ಲಿ ಸಾಗಿದ ಹಾಗಿತ್ತು.

"ಉಸಿರು ಹಿಡ್ಕೊಳ್ಳಿ ಅಪಾ."

ಮೈಯೊಳಗೆ ಬಿಸಿಯೊಂದು ಹರಿಯಿತು. ಪರದೆಯ ಬೂದು ಬಯಲಿನಲ್ಲಿ, ಎಲ್ಲಿಂದಲೋ, ಕಪ್ಪು ನದಿಯೊಂದು ಹೊರಟಿತು. ಅದು ಕವಲೊಡೆಯಿತು, ಕವಲು ಮತ್ತೆ ಕವಲೊಡೆಯಿತು. ಇಡೀ ನದಿಯೇ ಬಡಿತಕ್ಕೊಮ್ಮೆ ಬೆಚ್ಚಿಬೀಳುತ್ತಿತ್ತು. ಮರುಕ್ಷಣದಲ್ಲಿ ಅಳಿಸಿಹೋಯಿತು. ಬದುಕಿರುವಾಗ ನೋಡಬಾರದ್ದನ್ನು ನೋಡಿದೆನೆನಿಸಿ ಅವಳ ಕೂದಲು ನಿಮಿರಿತು.

"ಇನ್ನೊಂದ್ಸಲ. ಈಗ ಮಧ್ಯದ ದೊಡ್ಡ ಕವಲು ನೋಡಿ."

ನದಿ ಮತ್ತೆ ಹೊರಟಿತು. ಮುಂಭಾಗಕ್ಕೆ ಇಳಿಯುವ ಆ ದೊಡ್ಡ ಕವಲು ಒಂದೆಡೆ ಥಟ್ಟನೆ ಕೂದಲೆಳೆಯಷ್ಟು ಸಣ್ಣಗಾಗಿ, ಅದನ್ನು ದಾಟಿ ಮತ್ತೆ ಅಗಲವಾಗುತ್ತಿತ್ತು. ಹೆಬ್ಬೆರಳು ತೋರುಬೆರಳುಗಳ ನಡುವೆ ಯಾರೋ ಅದನ್ನು ಹಿಸುಕಿ ಹಿಡಿದಿರುವರೆಂದು ಯಾರು ನೋಡಿದರೂ ಹೇಳುವಂತಿತ್ತು; ಬೆರಳುಗಳು ಮಾತ್ರ ಕಾಣುತ್ತಿರಲಿಲ್ಲ.

"ಅಲ್ಲೇ," ಎಂದಳು ಉಮ್ಸುನ್ ಪಿಸುದನಿಯಲ್ಲಿ. "ಅಲ್ಲೇ ಹಿಡ್ದಿದ್ದಾರೆ."

"ಹೂಂ, ಅಲ್ಲೇ. ಕೊಬ್ಬು ಕೂತು ಕಲ್ಲಾಗಿದೆ, ಅದು ನಿನ್ನೆ ಮೊನ್ನೇದಲ್ಲ, ಹತ್ತಿಪ್ಪತ್ತು ವರ್ಷದ್ದು. ಹಾಡಿನ ಭರ ತಡ್ಕೊಳ್ಳೋಕೆ ಇಷ್ಟು ಸಂದು ಸಾಲಲ್ಲ. ಇನ್ನೊಂದ್ಸಲ ಮೊನ್ನೆ ಹಾಗೆ ನಿಲ್ಲಿಸ್ದೇ ಹಾಡಿದ್ರೆ ನೀವು ಗುಡಾರದಿಂದ ಎದ್ದು ಬರಲ್ಲ. ಈಗ್ಲೇ ಬಲೂನು ಹಾಕಿ ಅಗಲ ಮಾಡಿ, ಒಳಗೊಂದು ಜಾಲರಿ ಕೂರಿಸ್ಲಾ?"

ಮುನಿದು ಹಿಡಿದವರ ಕೈಯನ್ನು ಕ್ಷಮೆ ಬೇಡದೆ ಬಲವಂತದಿಂದ ಬಿಡಿಸುವುದು ಸರಿಯೇ? ಬಿಡಿಸಿದರೆ ಅದು ಇನ್ನು ಯಾರನ್ನು ಹಿಡಿದೀತು? ಗುಲ್ಬಾರಾಳನ್ನೇ? ಆ ಹುಡುಗಿಯ ಅಂಗೈಯ ಒತ್ತಡ ಅವಳ ತುಟಿಯ ಮೇಲೆ ಇನ್ನೂ ಇತ್ತು.

"ಮಾಡು ಮಗಾ," ಎಂದಳು.

"ಬಲೂನು ಉಬ್ಬಿಸಿದಾಗ ನಾಳ ಪೂರ್ತಿ ಮುಚ್ಚುತ್ತೆ. ಆಗ ಎದೆ ಹಿಡಿಯುತ್ತೆ, ಹೆದರ್ಬೇಡಿ. ನಾನು ಬಿಟ್ರೆ ಅದೂ ಬಿಡುತ್ತೆ." ಅವನು ಯಾರಿಗೋ ಸನ್ನೆ ಮಾಡಿದ. "ಈಗ."

ಬಂದಿತು. ಅವಳು ಹಾಡುತ್ತಿರಲಿಲ್ಲ, ದಿಬ್ಬ ಹತ್ತುತ್ತಿರಲಿಲ್ಲ, ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೂ ಅದೇ ಕೈ, ಅದೇ ಬೆರಳು, ತೋಳಿಗಿಳಿಯುವ ಅದೇ ದಾರಿ. ಅವಳು ಕಣ್ಣನ್ನು ಪರದೆಯಿಂದ ಕೀಳಲಿಲ್ಲ.

"ಬಿಟ್ಟೆ," ಎಂದ ಶಾಯಿರ್ಬೆಕ್.

ಬಿಟ್ಟಿತು.

"ಇನ್ನೊಂದ್ಸಲ. ಈಗ." ಹಿಡಿಯಿತು. "ಬಿಟ್ಟೆ." ಬಿಟ್ಟಿತು.

ತೀರಿಹೋದ ಹಿರಿಯರು ತಲಾಸ್ ಕಡೆಯ ಹುಡುಗನೊಬ್ಬನ ಅಪ್ಪಣೆಗೆ ಹೀಗೆ ಹಿಡಿದು ಬಿಟ್ಟು ಮಾಡುವವರಲ್ಲ. ಅದು ಉಮ್ಸುನಳಿಗೆ ಆ ಮೇಜಿನ ಮೇಲೆ, ಯಾರೂ ಹೇಳದೆ, ತಿಳಿಯಿತು. ಬಣ್ಣ ಮತ್ತೊಮ್ಮೆ ಹರಿದಾಗ ಕವಲು ಉದ್ದಕ್ಕೂ ಅಗಲವಾಗಿತ್ತು. ಅವಳ ಕಣ್ಣಿನಿಂದ ನೀರಿಳಿದು ಕಿವಿಗೆ ಹೋಯಿತು.

"ನೋವಾಯ್ತಾ ಅಪಾ?"

"ಇಲ್ಲ. ಅವರು ಇಲ್ಲಿ ಇರ್ಲಿಲ್ಲ ಅಂದ್ರೆ ಮತ್ತೆಲ್ಲಿದ್ದಾರೆ ಮಗಾ?"

ಶಾಯಿರ್ಬೆಕ್ ಅವಳ ಮಣಿಕಟ್ಟಿನಿಂದ ಕೊಳವೆಯನ್ನು ಹೊರತೆಗೆದು ಪಟ್ಟಿ ಬಿಗಿದ.

2019ರ ಸೆಪ್ಟೆಂಬರ್ 14, ಶನಿವಾರ, ವರ್ಷದ ಊಟ ನಡೆಯಿತು. ಕುದುರೆ ಕಡಿದರು, ಏಳು ಹಳ್ಳಿಗಳ ಜನ ನೆರೆದರು. ಡಾಕ್ಟರು ಹಾಡಲು ಅಪ್ಪಣೆ ಕೊಟ್ಟಿದ್ದ, ಗುಳಿಗೆಗಳನ್ನು ತಪ್ಪಿಸದಿದ್ದರೆ ಎಂಬ ಕರಾರಿನ ಮೇಲೆ. ಕಾಲಿಪಾಳ ಶೋಕದ ಕಪ್ಪು ತೆಗೆದು ಬಿಳಿ ಹೊದಿಸುವ ಮೊದಲಿನ ಕೊನೆಯ ಅಳುಹಾಡಿಗೆ ಉಮ್ಸುನ್ ಗೋಡೆಗೆ ಮುಖವಿಟ್ಟು ಕುಳಿತಳು. "ನಿಲ್ಲಿಸ್ಬೇಡ ಈ ಸಲ," ಎಂದಳು ಕಾಲಿಪಾ. "ನಿಲ್ಲಿಸಲ್ಲ ಎಜೆ," ಎಂದು ಆ ಅಕ್ಕನಿಗೆ ಮಾತು ಕೊಟ್ಟಳು ಉಮ್ಸುನ್.

ಹಾಡು ಮೊದಲಿನಿಂದ ಕೊನೆಯವರೆಗೆ ಒಂದೆಡೆಯೂ ಮುಗ್ಗರಿಸದೆ ಸಾಗಿತು. ದನಿ ಎಷ್ಟು ಏರಿದರೂ ಎದೆ ತೆರೆದೇ ಇತ್ತು. ಅವಳು ಇನ್ನೂ ಏರಿಸಿದಳು, ಕಾದಳು, ಮತ್ತೂ ಏರಿಸಿದಳು. ಹೊರಗೆ ಗಂಡಸರು ಕೋಲಿನ ಮೇಲೆ ಬಾಗಿ ಬಿಕ್ಕುತ್ತಿದ್ದರು. ಹೆಂಗಸರು ಇಷ್ಟು ತುಂಬಿದ ಹಾಡನ್ನು ಕೇಳಿಯೇ ಇಲ್ಲವೆಂದು ಆಮೇಲೆ ಹೇಳಿದರು. ಆದರೆ ಅವಳ ಬೆನ್ನ ಮೇಲೆ, ಮೂವತ್ತಾರು ವರ್ಷ ಬಂದು ಊರುತ್ತಿದ್ದ ಆ ಗಮನ, ಅಂದು ಎಲ್ಲಿಯೂ ಇರಲಿಲ್ಲ. ಎದುರಿಗೆ ಉಣ್ಣೆಯ ಗೋಡೆ, ಹಿಂದೆ ಗಾಳಿ.

ಹೊರಗೆ ಬಂದವಳ ಕೈಗೆ ಗುಲ್ಬಾರಾ ಬಿಸಿ ಸಾರಿನ ಬಟ್ಟಲನ್ನು ಕೊಟ್ಟು, ಮುಖವನ್ನೇ ಹುಡುಕುತ್ತ ಕೇಳಿದಳು: "ಬಂತಾ ಅಪಾ?"

"ಇಲ್ಲ," ಎಂದಳು ಉಮ್ಸುನ್. "ಯಾರೂ ಬರ್ಲಿಲ್ಲ."

ಗುಲ್ಬಾರಾ ನೆಮ್ಮದಿಯಿಂದ ನಿಟ್ಟುಸಿರುಬಿಟ್ಟು ಮಾಂಸ ಬಡಿಸಲು ಓಡಿದಳು. ಉಮ್ಸುನ್ ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು, ಸಾರು ತಣ್ಣಗಾಗುವವರೆಗೂ, ದಿಬ್ಬದ ಮೇಲಿನ ಆ ಮಣ್ಣಿನ ಊರಿನ ಕಡೆಗೆ ನೋಡುತ್ತ ನಿಂತಿದ್ದಳು.